ಡ್ಯೂಟಿ ಲಿಸ್ಟಿನಲ್ಲಿ ತಯಾರಾಗುವ ಹಣೆಪಟ್ಟಿಗಳು

"ಈಗಿನ ಹುಡುಗೀರಿಗೆ ಮೊಬೈಲ್ ಬಿಟ್ರೆ ಬೇರೆ ಲೋಕ ಇಲ್ಲ." "ಹಳೇ ಸಿಸ್ಟರ್‌ಗಳಿಗೆ ಕಂಪ್ಯೂಟರ್ ಅಂದ್ರೆ ಜ್ವರ ಬರುತ್ತೆ." "ಬ್ರದರ್‌ಗಳು ಒಂದ್ಕಡೆ ನಿಲ್ಲಲ್ಲ, ಐಸಿಯು ಅನುಭವ ಸಿಕ್ಕಿದ ಕೂಡ್ಲೇ ಗಲ್ಫಿಗೆ ಹಾರ್ತಾರೆ." "ಮದುವೆ ಆದ್ಮೇಲೆ ಅವಳ ಕೈಲಿ ನೈಟ್ ಡ್ಯೂಟಿ ಆಗಲ್ಲ ಬಿಡಿ." ಶಿವಮೊಗ್ಗ ನಗರದ ದೊಡ್ಡ ಆಸ್ಪತ್ರೆಯಿರಲಿ, ಹೊಸನಗರ, ತೀರ್ಥಹಳ್ಳಿ, ಸೊರಬದ ತಾಲೂಕು ಆಸ್ಪತ್ರೆಯಿರಲಿ, ನರ್ಸ್‌ಗಳು ಟೀ ಕುಡಿಯುವ ಹತ್ತು ನಿಮಿಷದಲ್ಲಿ ಈ ನಾಲ್ಕರಲ್ಲಿ ಒಂದಾದರೂ ಕಿವಿಗೆ ಬೀಳುತ್ತದೆ. (ಸಿಸ್ಟರ್ ಎಂದರೆ ಹೆಣ್ಣು ನರ್ಸ್, ಬ್ರದರ್ ಎಂದರೆ ಗಂಡು ನರ್ಸ್.) ಹೇಳುವವರು ಕೆಟ್ಟವರಲ್ಲ. ತಮ್ಮ ವಾರ್ಡಿನಲ್ಲಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಅದಕ್ಕೇ ಇದನ್ನು ತಿದ್ದುವುದು ಕಷ್ಟ. ಆದರೆ ಕಂಡದ್ದು ಯಾಕೆ ಹಾಗೆ ಕಂಡಿತು ಎಂದು ಹುಡುಕುತ್ತಾ ಹೋದರೆ, ಬಹಳ ಸಲ ಇನ್‌ಚಾರ್ಜ್ ಸಿಸ್ಟರ್ ಪ್ರತಿ ತಿಂಗಳು ಬರೆಯುವ ಡ್ಯೂಟಿ ಲಿಸ್ಟಿಗೇ ಬಂದು ಮುಟ್ಟುತ್ತೇವೆ. ಯಾರನ್ನು ಎಲ್ಲಿ ಹಾಕುತ್ತೇವೋ ಅವರಿಗೆ ಅಲ್ಲಿನ ಕೆಲಸ ಬರುತ್ತದೆ. ಹಾಕದೇ ಇದ್ದವರಿಗೆ ಬರುವುದಿಲ್ಲ. ಐದು ವರ್ಷ ಕಳೆದ ಮೇಲೆ ಆ ಬಾರದಿರುವಿಕೆಯನ್ನೇ ಅವರ ಸ್ವಭಾವ ಎಂದು ಕರೆಯುತ್ತೇವೆ.

ಗಂಡಸರಿಗೆ ಮೂತ್ರದ ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ನಳಿಕೆ, ಹಾಕುವ ಕೆಲಸವನ್ನೇ ತೆಗೆದುಕೊಳ್ಳಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವರೂ ಬಿಎಸ್ಸಿ ನರ್ಸಿಂಗ್ ಓದಿದವರೂ ಇದನ್ನು ಕಲಿತೇ ಬರುತ್ತಾರೆ. ಆದರೂ ಅನೇಕ ವಾರ್ಡುಗಳಲ್ಲಿ ಗಂಡು ರೋಗಿ ಎಂದರೆ "ಬ್ರದರ್‌ನ ಕರೀರಿ" ಎನ್ನುವುದು ಅಲಿಖಿತ ನಿಯಮ. ಬ್ರದರ್ ಆ ಶಿಫ್ಟಿನಲ್ಲಿ ಇರದಿದ್ದರೆ ಹೌಸ್‌ಸರ್ಜನ್ (ಇಂಟರ್ನ್‌ಶಿಪ್ ಮಾಡುತ್ತಿರುವ ಡಾಕ್ಟರ್). ಅವರೂ ಸಿಗದಿದ್ದರೆ ವರ್ಷಗಟ್ಟಲೆ ನೋಡಿ ನೋಡಿ ಕಲಿತ ಗ್ರೂಪ್ ಡಿ ನೌಕರ. ಓದಿದ ಸಿಸ್ಟರ್ ಪರದೆಯ ಹೊರಗೆ ನಿಂತಿರುತ್ತಾರೆ, ಓದದವರು ಪರದೆಯ ಒಳಗೆ ಇರುತ್ತಾರೆ. ಸಂಕೋಚದ ಹೆಸರಿನಲ್ಲಿ ನಡೆಯುವ ಈ ಏರ್ಪಾಡಿನ ಬೆಲೆಯನ್ನು ರೋಗಿಯೇ ತೆರುತ್ತಾನೆ.

ಹೇಗೆಂದರೆ, ಗಂಡಸಿನ ಮೂತ್ರನಾಳ ಉದ್ದ, ನಡುವೆ ಬಾಗುಗಳಿವೆ, ವಯಸ್ಸಾದವರಲ್ಲಿ ಪ್ರಾಸ್ಟೇಟ್ ಊದಿರುತ್ತದೆ. 14 ಅಥವಾ 16 ನಂಬರಿನ, ತುದಿಯ ಬಳಿ ಬಲೂನ್ ಇರುವ ಫೋಲೀ ಕ್ಯಾಥೆಟರ್ ಸಾಕು. ಮೊದಲು ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿಯನ್ನು ಸುಮಾರು 10 ಎಂಎಲ್ ನಾಳದೊಳಕ್ಕೇ ಬಿಟ್ಟು ಮೂರರಿಂದ ಐದು ನಿಮಿಷ ಕಾಯಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಈ ಕಾಯುವಿಕೆಯೇ. ಜೆಲ್ಲಿಯನ್ನು ಕ್ಯಾಥೆಟರ್ ತುದಿಗೆ ಸವರಿ ತಳ್ಳಿಬಿಡುತ್ತಾರೆ. ಶಿಶ್ನವನ್ನು ನೇರ ಮೇಲಕ್ಕೆ ಹಿಡಿದು ತಳ್ಳುತ್ತಾ ಹೋದಂತೆ ಮೂತ್ರ ಕಾಣಿಸುತ್ತದೆ. ಅಲ್ಲಿಗೇ ನಿಲ್ಲಿಸಿ ಬಲೂನ್ ಊದಿದರೆ ಅದು ಮೂತ್ರಕೋಶದಲ್ಲಿ ಊದದೆ ಪ್ರಾಸ್ಟೇಟಿನ ನಡುವೆ ನಾಳದಲ್ಲೇ ಊದುತ್ತದೆ. ನಾಳ ಹರಿಯುತ್ತದೆ, ರಕ್ತ ಬರುತ್ತದೆ, ಮುಂದೆ ನಾಳ ಕಿರಿದಾಗಿ ಜೀವನಪೂರ್ತಿ ತೊಂದರೆ. ಆದ್ದರಿಂದ ಮೂತ್ರ ಕಂಡ ಮೇಲೂ ವೈ ಆಕಾರದ ಕವಲಿನವರೆಗೆ ಪೂರ್ತಿ ಒಳಗೆ ಬಿಟ್ಟು, ಆಮೇಲೆ 10 ಎಂಎಲ್ ಸ್ಟೆರೈಲ್ ನೀರು ಹಾಕಿ, ನಿಧಾನವಾಗಿ ಹಿಂದಕ್ಕೆ ಎಳೆದು ಕೂರಿಸಬೇಕು. ಕೊನೆಗೆ ಹಿಂದೆ ಸರಿಸಿದ ಮುಂದೊಗಲನ್ನು ಮರೆಯದೆ ಮುಂದಕ್ಕೆ ತರಬೇಕು. ತರದಿದ್ದರೆ ಕೆಲವೇ ಗಂಟೆಗಳಲ್ಲಿ ಊದಿಕೊಂಡು ಸರ್ಜನ್‌ರನ್ನೇ ಕರೆಸಬೇಕಾಗುತ್ತದೆ. ಇಷ್ಟು ಸಂಗತಿಗಳಲ್ಲಿ ಹಾಕುವವರು ಗಂಡೋ ಹೆಣ್ಣೋ ಎನ್ನುವುದಕ್ಕೆ ಸಂಬಂಧಪಟ್ಟದ್ದು ಒಂದೂ ಇಲ್ಲ. ಸಂಬಂಧ ಇರುವುದು ಎಷ್ಟು ಸಲ ಹಾಕಿದ್ದಾರೆ ಎನ್ನುವುದಕ್ಕೆ.

ರೋಗಿಗೆ ನಾಚಿಕೆಯಿದ್ದರೆ? ಇದ್ದೇ ಇರುತ್ತದೆ, ಅದನ್ನು ಗೌರವಿಸಬೇಕು. "ಅಜ್ಜಾರೇ, ನಾನು ಹಾಕ್ಲಾ, ಬ್ರದರ್ ಬರೋವರೆಗೆ ಕಾಯ್ತೀರಾ? ಅರ್ಧ ಗಂಟೆ ಆಗ್ಬಹುದು" ಎಂದು ಕೇಳಿದರೆ, ಮೂತ್ರ ಕಟ್ಟಿ ಒದ್ದಾಡುತ್ತಿರುವ ಮುದುಕರಲ್ಲಿ ಹೆಚ್ಚಿನವರು "ಯಾರಾದ್ರೂ ಹಾಕವ್ವ" ಎನ್ನುತ್ತಾರೆ. ಕೇಳದೆ ನಾವೇ ಅವರ ಪರವಾಗಿ ನಾಚಿಕೊಳ್ಳುವುದು ಗೌರವವಾಗುವುದಿಲ್ಲ.

ಇದೇ ಕತೆ ತಲೆಕೆಳಗಾಗಿ ಹೆರಿಗೆ ಕೋಣೆಯಲ್ಲಿ ನಡೆಯುತ್ತದೆ. ಹುಡುಗರೂ ಮಿಡ್‌ವೈಫ್‌ರಿ (ಹೆರಿಗೆ ಮಾಡಿಸುವ ವಿದ್ಯೆ) ಓದುತ್ತಾರೆ, ಪರೀಕ್ಷೆ ಬರೆಯುತ್ತಾರೆ, ನರ್ಸ್ ಮತ್ತು ಮಿಡ್‌ವೈಫ್ ಎಂದೇ ನೋಂದಣಿಯಾಗುತ್ತಾರೆ. ಪೋಸ್ಟಿಂಗ್ ದಿನಗಳಲ್ಲಿ ಮಾತ್ರ ಅವರನ್ನು ಬಾಗಿಲಾಚೆ ನಿಲ್ಲಿಸಿ, ಲಾಗ್‌ಬುಕ್ಕಿಗೆ ಹುಡುಗಿಯರ ಪುಸ್ತಕ ನೋಡಿ ಬರೆದುಕೊಳ್ಳಿ ಎಂದು ಕಳಿಸುವ ಕಡೆಗಳಿವೆ. ಆಮೇಲೆ ಇದೇ ಹುಡುಗ ಘಟ್ಟದ ಅಂಚಿನ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾನೆ. ಜುಲೈ ತಿಂಗಳು, ರಾತ್ರಿ, ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ. ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್. ಮಣಿಪಾಲದ ಕಡೆಗೆ ಇಳಿಯಬೇಕೆಂದರೆ ಘಾಟಿ ಇದೆ. ಹೆರಿಗೆ ನೋವು ತಿನ್ನುತ್ತಾ ಒಬ್ಬ ತಾಯಿ ಬಂದಾಗ ಅಲ್ಲಿರುವುದು ಅವನೊಬ್ಬನೇ.

ಆಗ ಅವನಿಗೆ ಗೊತ್ತಿರಬೇಕಾದದ್ದು ಬಹಳವೇನಲ್ಲ, ಆದರೆ ಕೈಗೆ ಬಂದಿರಬೇಕು. ಮಗು ಹುಟ್ಟಿ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ಮುಟ್ಟಿ ನೋಡಿ, ಒಂದು ನಿಮಿಷದೊಳಗೆ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ 10 ಯೂನಿಟ್ ಮಾಂಸಖಂಡಕ್ಕೆ. ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಯಿತೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವುದು, ಮೆತ್ತಗಿದ್ದರೆ ತಿಕ್ಕುವುದು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸಂಕುಚಿಸುವುದಿಲ್ಲ, ಅದನ್ನು ಖಾಲಿ ಮಾಡಿಸಬೇಕು. ರಕ್ತ 500 ಎಂಎಲ್ ದಾಟಿತೆಂದರೆ ಅದು ರಕ್ತಸ್ರಾವದ ಎಮರ್ಜೆನ್ಸಿ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಅನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ನರಕ್ಕೆ ಕೊಡಬೇಕು, ಅದೂ ಹೆರಿಗೆಯಾದ ಮೂರು ಗಂಟೆಯೊಳಗೆ. ಇನ್ನೊಂದು ಮಾತು, ಮಲೆನಾಡಿಗೇ ಸೇರಿದ್ದು: ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಹೋದರೆ ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಬರೆದಿಡುವವರು ಯಾರು ಎಂದು ಮೊದಲೇ ಗೊತ್ತಿರಬೇಕು. ತಂಪು ತಪ್ಪಿದ ಆಂಪ್ಯೂಲ್ ನೋಡಲು ಮಾಮೂಲಿನಂತೆಯೇ ಇರುತ್ತದೆ, ಶಕ್ತಿ ಮಾತ್ರ ಕುಂದಿರುತ್ತದೆ.

ಹೆರಿಗೆ ಕೋಣೆಯಲ್ಲಿ ಗಂಡಸು ಬೇಡ ಎಂದು ತಾಯಿ ಹೇಳಿದರೆ ಅದು ಅವಳ ಹಕ್ಕು. ವಿದ್ಯಾರ್ಥಿಯನ್ನು ಒಳಗೆ ಬಿಡುವ ಮುಂಚೆ ಅವಳನ್ನು ಕೇಳಬೇಕು, ಪಕ್ಕದಲ್ಲಿ ಹೆಣ್ಣು ಸಿಬ್ಬಂದಿ ಅಥವಾ ಅವಳ ಕಡೆಯವರು ಇರಬೇಕು. ಹತ್ತು ಜನ ಬೇಡ ಎಂದರೂ ಹನ್ನೊಂದನೆಯವರು ಒಪ್ಪುತ್ತಾರೆ. ಆ ಒಂದು ಹೆರಿಗೆಯನ್ನು ಅವನು ಪೂರ್ತಿ ನೋಡಬೇಕು, ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಗುರುತು ಹಾಕುವ ಪಾರ್ಟೋಗ್ರಾಫ್ ತಾನೇ ತುಂಬಬೇಕು. ಕಲಿಕೆಯ ದಿನಗಳಲ್ಲಿ ಬಾಗಿಲು ಹಾಕಿ, ಒಂಟಿ ಡ್ಯೂಟಿಯ ದಿನ ಬಾಗಿಲು ತೆಗೆಯುವುದು ತಾಯಿಗೂ ಅವನಿಗೂ ಮಾಡುವ ಅನ್ಯಾಯ.

ವ್ಯವಸ್ಥೆಯೂ ಈ ಗೆರೆಯನ್ನು ಎಳೆದೇ ಇಟ್ಟಿದೆ. ಎಎನ್‌ಎಂ (ಸಹಾಯಕ ನರ್ಸ್-ಮಿಡ್‌ವೈಫ್) ಕೋರ್ಸು ಹೆಣ್ಣುಮಕ್ಕಳಿಗೆ ಮಾತ್ರ. ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸ್ ದಶಕಗಳಿಂದ ಹೆಂಗಸರಿಗೆ ಮಾತ್ರ ಎಂದೇ ನಡೆದುಬಂದದ್ದು. ಏಮ್ಸ್‌ಗಳ ನರ್ಸಿಂಗ್ ಆಫೀಸರ್ ನೇಮಕಾತಿಯಲ್ಲಿ 80:20 ಎಂದು ಹೆಂಗಸರಿಗೂ ಗಂಡಸರಿಗೂ ಹಂಚಿಕೆ. ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ. 90ರಷ್ಟು ಹೆಂಗಸರೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಹೇಳುತ್ತದೆ. ಮೇಲಿನ ಹುದ್ದೆಗಳಲ್ಲಿ ಅವರ ಪಾಲು ಅಷ್ಟಿಲ್ಲ ಎನ್ನುವುದೂ ಅದರಲ್ಲೇ ಇದೆ.

ಬ್ರದರ್‌ಗಳ ಪಾಲಿಗೆ ತಪ್ಪದ ಇನ್ನೊಂದು ಕೆಲಸ ರೋಗಿಯನ್ನು ಎತ್ತುವುದು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲದಲ್ಲಿ, ಆಮೇಲೆ ಕೊನೆ (ಗೊನೆ) ತೆಗೆಯುವ ಕಾಲದಲ್ಲಿ, ಅಡಿಕೆ ಮರದಿಂದ ಬಿದ್ದವರು ಮಲೆನಾಡಿನ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಬೆನ್ನುಮೂಳೆ ಮುರಿದಿರುವ ಅನುಮಾನ ಇರುವವರನ್ನು ಇಬ್ಬರು ಗಟ್ಟಿ ಗಂಡಸರು ಕಂಕುಳಿಗೆ, ಕಾಲಿಗೆ ಕೈಹಾಕಿ ಎತ್ತಿದರೆ ಆಡುತ್ತಿದ್ದ ಕಾಲೂ ನಿಂತುಹೋಗಬಹುದು. ಅಲ್ಲಿ ಬೇಕಾದದ್ದು ತೋಳಬಲಕ್ಕಿಂತ ಹೆಚ್ಚಾಗಿ ಜನರ ಲೆಕ್ಕ ಮತ್ತು ಒಬ್ಬರ ಆಜ್ಞೆ: ತಲೆ-ಕತ್ತನ್ನು ಹಿಡಿದವರು ಒಬ್ಬರು, ಹೆಗಲು, ಸೊಂಟ, ಕಾಲಿಗೆ ಒಬ್ಬೊಬ್ಬರು, ಹಲಗೆ ಸರಿಸಲು ಇನ್ನೊಬ್ಬರು. ತಲೆ ಹಿಡಿದವರು "ಒಂದು, ಎರಡು, ಮೂರು" ಎಂದಾಗಲೇ ಮರದ ದಿಮ್ಮಿಯನ್ನು ಹೊರಳಿಸಿದಂತೆ ಇಡೀ ಮೈ ಒಟ್ಟಿಗೆ ಹೊರಳಬೇಕು. ತಲೆಯ ಬಳಿ ಅನುಭವಸ್ಥರು ನಿಲ್ಲಬೇಕು. ಐವತ್ತೆಂಟು ವರ್ಷದ ಸೀನಿಯರ್ ಸಿಸ್ಟರ್ ಅಲ್ಲಿ ನಿಂತು ಎಣಿಸಿದರೆ ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಮಾಮೂಲಿ ರೋಗಿಯನ್ನು ಮೇಲಕ್ಕೆ ಸರಿಸುವಾಗಲೂ ಅಷ್ಟೇ: ಮಂಚದ ಬ್ರೇಕ್ ಹಾಕಿ, ರೋಗಿಯ ಅಡಿಗೆ ಹೆಗಲಿನಿಂದ ಸೊಂಟದ ಕೆಳಗಿನವರೆಗೆ ಡ್ರಾ ಶೀಟ್ (ಎಳೆಯಲು ಹಾಸುವ ಅಡ್ಡ ಬಟ್ಟೆ) ಹಾಸಿ, ಎರಡೂ ಕಡೆ ನಿಂತು ಒಟ್ಟಿಗೆ ಎಳೆದರೆ ಇಬ್ಬರು ಹೆಂಗಸರಿಗೇ ಆಗುವ ಕೆಲಸ. ಡ್ರಾ ಶೀಟ್ ಹಾಸುವುದು ಬಿಟ್ಟು ಬ್ರದರ್‌ನ ಬೆನ್ನನ್ನೇ ಸಲಕರಣೆ ಮಾಡಿಕೊಂಡ ವಾರ್ಡುಗಳಲ್ಲಿ, ನಲವತ್ತಕ್ಕೇ ಅವರ ಬೆನ್ನು ಬೀಳುತ್ತದೆ.

ಊರಿನವರು ಗಂಡು ನರ್ಸನ್ನು "ಡಾಕ್ಟ್ರೇ" ಎನ್ನುತ್ತಾರೆ. ಪಕ್ಕದಲ್ಲೇ ನಿಂತ, ಅವನಿಗಿಂತ ಇಪ್ಪತ್ತು ವರ್ಷ ಹೆಚ್ಚು ಅನುಭವ ಇರುವ ಸಿಸ್ಟರ್ ಹೇಳಿದ ಔಷಧಿ ವಿವರವನ್ನು ಮತ್ತೊಮ್ಮೆ ಅವನ ಬಳಿ ಕೇಳುತ್ತಾರೆ. ಅವನು ಅಲ್ಲೇ, ಆಗಲೇ "ನಾನು ನರ್ಸು, ಮೇಡಂ ನನ್ನ ಸೀನಿಯರ್, ಅವರು ಹೇಳಿದ್ದೇ ಸರಿ" ಎಂದುಬಿಡಬೇಕು. ಸುಮ್ಮನಿದ್ದರೆ ಡಿಸ್ಚಾರ್ಜ್ ಆಗುವವರು ಸಿಸ್ಟರ್ ಮಾತನ್ನು ಅರ್ಧಕ್ಕೇ ಕೇಳಿ ಮನೆಗೆ ಹೋಗುತ್ತಾರೆ. ಗಲಾಟೆಯ ರಾತ್ರಿಗಳಿಗೆ ಬ್ರದರ್‌ನನ್ನೇ ಕ್ಯಾಷುವಾಲ್ಟಿಗೆ ಹಾಕುವುದೂ ತಪ್ಪು. ಅವನು ಸೆಕ್ಯುರಿಟಿ ಕೆಲಸಕ್ಕೆ ಸೇರಿದವನಲ್ಲ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ ರಾಜ್ಯದ 2009ರ ಕಾಯ್ದೆಯಲ್ಲಿ ನರ್ಸ್‌ಗಳೂ ಬರುತ್ತಾರೆ. ಆ ಕಾಯ್ದೆಯ ಬೋರ್ಡು ಬಾಗಿಲಲ್ಲಿರಲಿ, ಕಾವಲಿಗೆ ಕಾವಲುಗಾರರಿರಲಿ.

ಇನ್ನು ವಯಸ್ಸಿನ ಮಾತು. ಹಳಬರಲ್ಲಿ ಹೆಚ್ಚಿನವರು ಜಿಎನ್‌ಎಂ ಮಾಡಿದವರು. ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇದ್ದು, ಓದುವಾಗಲೇ ವಾರ್ಡಿನ ಕೆಲಸಕ್ಕೆ ಲೆಕ್ಕವಾಗುತ್ತಿದ್ದವರು. ಹೊಸಬರಲ್ಲಿ ನಾಲ್ಕು ವರ್ಷದ ಬಿಎಸ್ಸಿ ಮಾಡಿದವರು ಹೆಚ್ಚು. ಕಾಲೇಜುಗಳು ಹೆಚ್ಚಾಗಿ, ಒಂದು ಮಂಚದ ಸುತ್ತ ಹದಿನೈದು ವಿದ್ಯಾರ್ಥಿಗಳು ನಿಲ್ಲುವ ಪರಿಸ್ಥಿತಿಯಲ್ಲಿ ಕಲಿತವರು. ಕಾರಣ ತಿಳಿಯದೆ ಕೈ ಓಡಿಸುವುದು ಒಬ್ಬರ ಕೊರತೆಯಾದರೆ, ಕಾರಣ ತಿಳಿದೂ ಕೈ ಓಡದಿರುವುದು ಇನ್ನೊಬ್ಬರದು. ಎರಡೂ ಅವರವರು ಕಲಿತ ಜಾಗದಿಂದ ಬಂದದ್ದು.

ಹಾವು ಕಚ್ಚಿದವರು ಬಂದಾಗ ಇದು ಚೆನ್ನಾಗಿ ಕಾಣುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಟ್ಟಿದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ಲ್ಯಾಬ್ ಬೇಡ: ಹೊಸ ಅಥವಾ ಶುದ್ಧವಾಗಿ ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಒಂದೇ ಸಲ ಬಗ್ಗಿಸಿ ನೋಡಬೇಕು. ಗಟ್ಟಿಯಾಗದೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಹಳಬರಿಗೆ ಗಾಜೇ ಆಗಬೇಕು ಎನ್ನುವುದು ಕೈಯಲ್ಲಿ ಕೂತಿದೆ. ಹೊಸಬರು ಟ್ರೇಯಲ್ಲಿ ಸಿಕ್ಕ ಪ್ಲಾಸ್ಟಿಕ್ ಟ್ಯೂಬ್ ತೆಗೆದುಕೊಳ್ಳುತ್ತಾರೆ. ಹೆಪ್ಪುಗಟ್ಟುವ ಕ್ರಿಯೆಯನ್ನು ಶುರುಮಾಡುವುದು ಗಾಜಿನ ಮೈ; ಪ್ಲಾಸ್ಟಿಕ್ಕಿನಲ್ಲಿ, ಸೋಪು ಹಾಕಿ ತೊಳೆದ ಗಾಜಿನಲ್ಲಿ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಬೇಡದವರಿಗೆ ಹತ್ತು ವಯಲ್ ಪ್ರತಿವಿಷ ಹೋಗುತ್ತದೆ. ಆದರೆ ಪ್ರತಿವಿಷ ಕೊಡಲು ಶುರುಮಾಡಿದ ಮೇಲೆ ಮೈಮೇಲೆ ದದ್ದು, ಉಬ್ಬಸ, ಬಿಪಿ ಇಳಿತ ಕಂಡರೆ ಡ್ರಿಪ್ ನಿಲ್ಲಿಸಿ ತೊಡೆಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಡಬೇಕು ಎನ್ನುವುದನ್ನು ಹೊಸಬರು ಚಾಚೂ ತಪ್ಪದೆ ಹೇಳುತ್ತಾರೆ. ಹಳಬರಲ್ಲಿ ಕೆಲವರ ಕೈ ಈಗಲೂ ಮೊದಲು ಏವಿಲ್, ಹೈಡ್ರೋಕಾರ್ಟಿಸೋನ್ ಎಂಬ ಅಲರ್ಜಿ ಔಷಧಿಗಳ ಕಡೆಗೇ ಹೋಗುತ್ತದೆ. ಇಲ್ಲಿನ ಕಾಡು, ತೋಟಗಳಲ್ಲಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಗುಳಿಮಂಡಲದ ವಿಷಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುವುದಿಲ್ಲ. ಕೊಳಕುಮಂಡಲ ಎಂದು ತಿಳಿದು ವಯಲ್ ಮೇಲೆ ವಯಲ್ ಏರಿಸುತ್ತಾ ಹೋದರೆ ಪ್ರಯೋಜನವಿಲ್ಲ. ಮನೆಯವರು ಹಾವಿನ ಫೋಟೊ ತೆಗೆದಿದ್ದರೆ ಅದನ್ನು ಡಾಕ್ಟರಿಗೆ, ತಿಳಿದವರಿಗೆ ತಕ್ಷಣ ಕಳಿಸುವುದು ಎಲ್ಲರೂ ದೂರುವ ಆ ಮೊಬೈಲಿನಿಂದಲೇ. ಈ ರೋಗಿಯ ಪಕ್ಕದಲ್ಲಿ ಇಬ್ಬರೂ ಒಟ್ಟಿಗೆ ಇರಬೇಕು. ಆದರೆ ಅನೇಕ ಕಡೆ ರಾತ್ರಿ ಪಾಳಿಗೆ ಇಬ್ಬರೂ ಹೊಸಬರೇ, ಬೆಳಗಿನ ಪಾಳಿಗೆ ಎಲ್ಲರೂ ಹಳಬರೇ.

ಕರೆಂಟ್ ಹೋಗಿ, ಡ್ರಿಪ್ ಹರಿಸುವ ಇನ್ಫ್ಯೂಷನ್ ಪಂಪಿನ ಬ್ಯಾಟರಿ ಮುಗಿದಾಗ ಹನಿ ಎಣಿಸಲು ಬರಬೇಕು. 500 ಎಂಎಲ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನ ಕವರಿನ ಮೇಲೆ ಎಂಎಲ್‌ಗೆ 20 ಹನಿ ಎಂದಿದೆ ಎಂದರೆ ನಿಮಿಷಕ್ಕೆ 42 ಹನಿ. ಹೊಸಬರಿಗೆ ಲೆಕ್ಕ ಬರುತ್ತದೆ, ಗಡಿಯಾರ ಹಿಡಿದು ಚಕ್ರ ತಿರುಗಿಸುವ ಅಭ್ಯಾಸ ಕಡಿಮೆ. ಒಂದು ವಾರ ಪಂಪ್ ಇಲ್ಲದ ಮಂಚ ಕೊಟ್ಟರೆ ಬರುತ್ತದೆ. ಕಂಪ್ಯೂಟರಿನದ್ದೂ ಅಷ್ಟೇ. ಸೀನಿಯರ್‌ಗಳಿಗೆ ಇ-ಹಾಸ್ಪಿಟಲ್ (ಆಸ್ಪತ್ರೆ ದಾಖಲೆಗಳ ಕಂಪ್ಯೂಟರ್ ವ್ಯವಸ್ಥೆ) ಎಂಟ್ರಿ ಬರುವುದಿಲ್ಲ ಎನ್ನುವ ಕಡೆ ಹೋಗಿ ನೋಡಿದರೆ, ಟ್ರೈನಿಂಗಿಗೆ ಯಾವಾಗಲೂ ಚಿಕ್ಕವರನ್ನೇ ಕಳಿಸಿರುತ್ತಾರೆ, ಪಾಸ್‌ವರ್ಡೂ ಅವರ ಬಳಿಯೇ ಇರುತ್ತದೆ. ಪಾಸ್‌ವರ್ಡ್ ಇಲ್ಲದವರಿಗೆ ಎಂಟ್ರಿ ಹೇಗೆ ಬರಬೇಕು? ಇತ್ತ ಎಂಟ್ರಿಗೆ ಕೂತ ಚಿಕ್ಕವರು ಮಂಚದ ಬಳಿ ಇರುವುದಿಲ್ಲ. "ರೋಗಿ ಹತ್ರ ಹೋಗಲ್ಲ, ಸ್ಕ್ರೀನ್ ನೋಡ್ತಾ ಕೂರ್ತಾರೆ" ಎಂಬ ಮಾತು ಅವರ ತಲೆಗೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಹಂಗಾಮು ಬಂದಾಗಲೂ ಹಳಬರ ಬೆಲೆ ತಿಳಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಜ್ವರ, ತಲೆನೋವು ಎಂದು ಬಂದವರನ್ನು "ದರಗು ತರೋಕೆ ಕಾಡಿಗೆ ಹೋಗಿದ್ರಾ? ಹತ್ತಿರ ಎಲ್ಲಾದ್ರೂ ಮಂಗ ಸತ್ತಿತ್ತಾ?" ಎಂದು ಮೊದಲ ನಿಮಿಷದಲ್ಲೇ ಕೇಳುವವರು ಅವರು. ಪ್ಲೇಟ್‌ಲೆಟ್ ಇಳಿದಿರಬಹುದಾದ ಇಂಥ ರೋಗಿಗೆ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಬಾರದು. ಊರಿನವರು "ಒಂದು ಸೂಜಿ ಹಾಕಿ" ಎಂದು ಒತ್ತಾಯಿಸುತ್ತಾರೆ. ಆ ಒತ್ತಾಯಕ್ಕೆ ಹಳಬರೂ ಮಣಿಯುತ್ತಾರೆ, ಹೊಸಬರೂ ಮಣಿಯುತ್ತಾರೆ.

ತಲೆಮಾರಿನ ಜಗಳ ಎಂದು ಕಾಣುವುದರಲ್ಲಿ ದೊಡ್ಡ ಪಾಲು ನಿಜವಾಗಿ ಕಾಯಂ ಮತ್ತು ಗುತ್ತಿಗೆಯ ಜಗಳ. ಹಳಬರು ಕಾಯಂ, ಹೊಸಬರಲ್ಲಿ ಅನೇಕರು ವರ್ಷ ವರ್ಷ ನವೀಕರಣವಾಗುವ ಗುತ್ತಿಗೆಯವರು. ಕೆಲಸ ಅದೇ, ಸಂಬಳ ಬೇರೆ. ಅಂಥವರು ಇನ್ನೊಂದು ಕಡೆ ಅರ್ಜಿ ಹಾಕಿದರೆ "ನಿಷ್ಠೆ ಇಲ್ಲದ ಪೀಳಿಗೆ" ಎಂದು ಬಿಡುತ್ತೇವೆ. ಬ್ರದರ್ ಗಲ್ಫಿಗೆ ಹೋಗುವುದಕ್ಕೂ ಅದೇ ಕಾರಣ, ಸಿಸ್ಟರ್‌ಗಳೂ ಅದೇ ಕಾರಣಕ್ಕೆ ಹೋಗುತ್ತಾರೆ.

ಮದುವೆಯಾದವರು ಮಧ್ಯಾಹ್ನದ ಪಾಳಿ ಬೇಡ ಎನ್ನುತ್ತಾರಲ್ಲ, ಅದರ ಹಿಂದೆ ಬಹಳ ಸಲ ಇರುವುದು ಬಸ್ಸು. ಎರಡರಿಂದ ಎಂಟರ ಪಾಳಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಹಳ್ಳಿ ಕಡೆಯ ಕೊನೆಯ ಬಸ್ ಹೋಗಿರುತ್ತದೆ. 2023ರ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಬೈಕ್ ಇರುವ ಹುಡುಗ ಆ ಪಾಳಿಗೆ ಒಪ್ಪುತ್ತಾನೆ, ಬೈಕ್ ಇಲ್ಲದ ಹುಡುಗಿ ಒಪ್ಪುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಾದರೂ ಆ ಪಾಳಿಯನ್ನು ಒಂದರಿಂದ ಏಳಕ್ಕೆ ಸರಿಸಿದರೆ ಎಷ್ಟೋ ಹೆಸರುಗಳು ಲಿಸ್ಟಿಗೆ ಬರುತ್ತವೆ. ಮದುವೆಯನ್ನೇ ಅನರ್ಹತೆ ಮಾಡಿದ ಕಾಲ ಬಹಳ ಹಿಂದಿನದಲ್ಲ. ಮಿಲಿಟರಿ ನರ್ಸಿಂಗ್ ಸರ್ವಿಸಿನ ಸೆಲಿನಾ ಜಾನ್ ಅವರನ್ನು 1988ರಲ್ಲಿ ಮದುವೆಯಾದ ಕಾರಣಕ್ಕೆ ಸೇವೆಯಿಂದ ಬಿಡುಗಡೆ ಮಾಡಿದ್ದು 1977ರ ಒಂದು ಆದೇಶದ ಪ್ರಕಾರ. ಆ ಆದೇಶವನ್ನು 1995ರಲ್ಲಿ ಹಿಂತೆಗೆದುಕೊಂಡರು. ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಮದುವೆಯ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಲಿಂಗ ತಾರತಮ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರವರಿಯಲ್ಲಿ.

ಇನ್‌ಚಾರ್ಜ್‌ಗಳು ಮಾಡಬಹುದಾದದ್ದು ಇದೆ. ಹೊಸ ತಿಂಗಳ ಲಿಸ್ಟ್ ಬರೆಯುವ ಮುನ್ನ ಹಿಂದಿನ ಆರು ತಿಂಗಳ ಲಿಸ್ಟುಗಳನ್ನು ಪಕ್ಕ ಪಕ್ಕ ಇಟ್ಟು, ಐಸಿಯು, ಕ್ಯಾಷುವಾಲ್ಟಿ, ಹೆರಿಗೆ ಕೋಣೆ, ಗಂಡಸರ ವಾರ್ಡು, ನೈಟ್ ಎಂದು ಒಬ್ಬೊಬ್ಬರ ಹೆಸರಿನ ಮುಂದೆ ಗೆರೆ ಹಾಕಿ ನೋಡಲಿ. ಎಲ್ಲಿ ಒಂದೇ ಹೆಸರು ತುಂಬಿದೆ, ಎಲ್ಲಿ ಒಂದು ಗೆರೆಯೂ ಇಲ್ಲ ಎಂದು ಹತ್ತು ನಿಮಿಷದಲ್ಲಿ ಕಾಣುತ್ತದೆ. ಒಂದು ನೈಟಿಗೆ ಇಬ್ಬರಿದ್ದರೆ ಒಬ್ಬರಾದರೂ ವರ್ಷ ದಾಟಿದವರಿರಲಿ. ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಟೇಬಲ್ ಬಳಿ ಬೇಡ, ಮಂಚದಿಂದ ಮಂಚಕ್ಕೆ ನಡೆಯಲಿ. ಹದಿನೈದು ನಿಮಿಷ ಹಿಡಿಯುತ್ತದೆ, ಅಲ್ಲೇ ಹಳಬರ ಕಣ್ಣು ಹೊಸಬರಿಗೆ ದಾಟುವುದು. ಕಂಪ್ಯೂಟರ್ ಎಂಟ್ರಿ ವಾರಕ್ಕೊಬ್ಬರಂತೆ ಸುತ್ತಲಿ, ಸೀನಿಯರ್‌ಗಳೂ ಸೇರಿ.

ಲಿಸ್ಟ್ ಬರೆಯುವವರ ಕಷ್ಟ ಇರುವುದು ಜನರ ಕೊರತೆಯಲ್ಲಿ. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬ ನಿಯಮ ಪುಸ್ತಕದಲ್ಲಿದೆ, ಅದಕ್ಕೆ ಬೇಕಾದಷ್ಟು ಹೆಸರು ಲಿಸ್ಟಿನಲ್ಲಿ ಇರುವುದಿಲ್ಲ. ಒಬ್ಬರು 26 ವಾರದ ಹೆರಿಗೆ ರಜೆಗೆ ಹೋದರೆ ಬದಲಿ ಬರುವುದಿಲ್ಲ, ಉಳಿದವರು ನೈಟ್ ಮೇಲೆ ನೈಟ್ ಮಾಡುತ್ತಾರೆ. "ಹುಡುಗೀರನ್ನ ತಗೊಂಡ್ರೆ ಇದೇ ಗೋಳು" ಎಂಬ ಮಾತು ಹುಟ್ಟುವುದು ಆಗಲೇ. ಬದಲಿ ಕೊಡದವರ ಮೇಲಿನ ಸಿಟ್ಟು ಬಸುರಿಯ ಮೇಲೆ ಬೀಳುತ್ತದೆ. ಬದಲಿ ಸಿಬ್ಬಂದಿಯ ಪತ್ರವನ್ನು ರಜೆ ಶುರುವಾದ ದಿನ ಬರೆದರೆ ಅದು ಫೈಲಿನಲ್ಲಿ ಓಡಾಡುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಐದನೇ ತಿಂಗಳಿಗೇ ಬರೆಯಬೇಕು: ಯಾವ ದಿನದಿಂದ ಎಷ್ಟು ಪಾಳಿ ಖಾಲಿ ಬೀಳುತ್ತದೆ, ಯಾವ ವಾರ್ಡಿನಲ್ಲಿ, ಎಷ್ಟು ಮಂಚಕ್ಕೆ ಎಷ್ಟು ಜನ ಉಳಿಯುತ್ತಾರೆ ಎಂದು ಲೆಕ್ಕ ಸಮೇತ ಬರೆದು, ಸ್ವೀಕೃತಿ ಪಡೆದು, ತಿಂಗಳಿಗೊಮ್ಮೆ ಜ್ಞಾಪನ ಕಳಿಸಬೇಕು.